ಅತ್ತೆ ಬೈಂಡ್ ಹಾಕಿದ ಜಪಾನಿ ಪುಸ್ತಕ

ನಮ್ಮತ್ತೆಯ ಬಾಯಿಂದ ‘ಓದುವ ಸೊಸೆ’ ಎಂಬ ಬಿರುದು ಪಡೆಯಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಅದೇ ಬಿರುದು ಕೊರಳಿಗೆ ಸುತ್ತಿಕೊಳ್ಳಲು ಒಂದು ದಸರೆ ಸಾಕಾಯಿತು.

ಅತ್ತೆ ಅನ್ನಪೂರ್ಣವ್ವ ಧಾರವಾಡದ ಸರಕಾರಿ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಟೀಚರ್ ಆಗಿದ್ದವರು. ಆರು ತಿಂಗಳ ಮಟ್ಟಿಗೆ ಸಿಡ್ನಿಗೆ ಬಂದು, ಪ್ಯಾರಮಟ್ಟಾದ ನಮ್ಮ ಮೂರನೇ ಮಹಡಿಯ ಯುನಿಟ್ಟಿನಲ್ಲಿ ಸೂಟ್‌ಕೇಸ್ ಇಳಿಸಿದ ಮರುದಿನವೇ ನನ್ನ ಪರೀಕ್ಷೆ ಶುರುವಾಯಿತು. ರೊಟ್ಟಿಯಲ್ಲಿ ಮೊದಲ ದಿನವೇ ಫೇಲಾದೆ. ನಾನು ತಟ್ಟಿದ ರೊಟ್ಟಿಯನ್ನು ಅವರು ಕಿಟಕಿಯ ಬೆಳಕಿಗೆ ಹಿಡಿದು, "ಇದು ಟಾಸ್ಮೇನಿಯಾ ಅಲ್ಲೇನು?" ಎಂದು ಕೇಳಿದರು. (ಭೂಗೋಳ ಕಲಿಸಿದವರು. ತಪ್ಪು ಹೇಳುವುದಿಲ್ಲ.) ಪುಂಡಿಪಲ್ಯದಲ್ಲಿ ಫೇಲಾದೆ, ಸೀರೆ ಮಡಚುವುದರಲ್ಲಿ ಫೇಲಾದೆ. ಫೋನಿನಲ್ಲಿ ಧಾರವಾಡದ ನೆಂಟರ ದನಿ ಗುರುತಿಸುವ ವಿಷಯದಲ್ಲಂತೂ ಗ್ರೇಸ್ ಮಾರ್ಕ್ಸ್ ಕೊಟ್ಟರೂ ದಡ ಸೇರಲಿಲ್ಲ.

ಹೀಗಿರುವಾಗ ಒಂದು ದಿನ ಅವರ ಕಣ್ಣು ನನ್ನ ಪುಸ್ತಕದ ಕಪಾಟಿನ ಮೇಲೆ ಬಿತ್ತು.

"ಇಷ್ಟೂ ನೀ ಓದೀಯೇನವಾ ಶ್ವೇತಾ?"

"ಹೂಂ ಅತ್ತಿ."

ಅರ್ಧ ಗಂಟೆಯಲ್ಲಿ ಧಾರವಾಡದ ಅರ್ಧ ಊರಿಗೆ ಫೋನ್ ಹೋಯಿತು. "ಸಣ್ಣ ಸೊಸಿಗೆ ರೊಟ್ಟಿ ಬರೂದಿಲ್ಲ, ಖರೆ. ಆದ್ರ ಓದ್ತಾಳ. ದೊಡ್ಡಾಕಿಗತೆ ಟೀವಿ ಮುಂದ ಕುಂಡ್ರಾಕಿ ಅಲ್ಲ." ಅಡುಗೆಮನೆಯ ಬಾಗಿಲ ಹಿಂದೆ ನಿಂತು ನಾನು ಇದನ್ನು ಮೂರು ಸಲ ಕೇಳಿಸಿಕೊಂಡೆ. ಈ ದೇಶದಲ್ಲಿ ಕಾಯಂ ಇರಲು ಪಿಆರ್ ಸಿಕ್ಕ ದಿನ ಕೂಡ ನನಗೆ ಇಷ್ಟು ಸಂತೋಷವಾಗಿರಲಿಲ್ಲ. ಈ ಮನೆಯಲ್ಲಿ ನನ್ನ ಹೆಸರಿಗೆ ಇದ್ದ ಆಸ್ತಿ ಅದೊಂದೇ.

ಈಗ ಆ ಕಪಾಟಿನಲ್ಲಿದ್ದ ಒಂದು ಪುಸ್ತಕದ ಬಗ್ಗೆ ಹೇಳಬೇಕು.

ಅತ್ತೆ ಬರುವುದಕ್ಕೆ ಮುಂಚೆ, ಈಸ್ಟರ್ ರಜೆಯಲ್ಲಿ, ನಾನು ಮೆಲ್ಬರ್ನಿಗೆ ಹೋಗಿದ್ದೆ. ಅಲ್ಲಿ ವಿಂಡಮ್ ವೇಲ್‌ನಲ್ಲಿ ನನ್ನ ಗೆಳತಿ ಶ್ರದ್ಧಾ ಹೊಸ ಮನೆ ಮಾಡಿದ್ದಾಳೆ. ಉಡುಪಿಯ ಹುಡುಗಿ. (ಆ ಬಡಾವಣೆಯಲ್ಲಿ ಅವಳ ಮನೆಗೂ ಪಕ್ಕದ ಮನೆಗೂ ಇರುವ ವ್ಯತ್ಯಾಸ ನಂಬರು ಮಾತ್ರ. ಅವಳ ಗಂಡ ರಿತೇಶ್ ಎರಡು ಸಲ ಪಕ್ಕದವರ ಗ್ಯಾರೇಜಿನ ಮುಂದೆ ನಿಂತು, ಬಾಗಿಲು ತೆರೆಯುತ್ತಿಲ್ಲವೆಂದು ರಿಮೋಟಿನ ಬ್ಯಾಟರಿ ಬದಲಾಯಿಸಿದ್ದಾನೆ.) ಅಲ್ಲಿಗೆ ಹತ್ತಿರದಲ್ಲಿ ಜನ ದಾನ ಕೊಟ್ಟ ಹಳೇ ಸಾಮಾನು ಮಾರುವ ಒಂದು ಆಪ್ ಶಾಪ್ ಇದೆ. ಒಳಗೆ ಮಕ್ಕಳ ಪುಸ್ತಕದ ಡಬ್ಬಿ. ಡಬ್ಬಿಯಲ್ಲಿ ಮಾತಾಡುವ ರೈಲು, ಅಳುವ ಆನೆ, ಅವುಗಳ ಮಧ್ಯೆ ಇಟ್ಟಿಗೆಯಷ್ಟು ದಪ್ಪದ ಒಂದು ಜಪಾನಿ ಕಾಮಿಕ್, ಇಂಗ್ಲಿಷಿನಲ್ಲಿ.

ಶ್ರದ್ಧಾ ಅದನ್ನು ನಡುವೆ ಬಿಡಿಸಿ ನೋಡಿದಳು. ಮುಚ್ಚಿದಳು. ಮತ್ತೆ ಬಿಡಿಸಿದಳು.

"ಮಾರಾಯ್ತಿ, ಇದು ಮಕ್ಕಳದ್ದಲ್ಲ."

"ಮತ್ತ ಯಾರ್ದು?"

"ಮಕ್ಕಳಾಗಬೇಕು ಅಂತ ಇರುವವರದ್ದು."

ಕೌಂಟರಿನಲ್ಲಿದ್ದ ಬಿಳಿಕೂದಲಿನ ಅಜ್ಜಿ ಅದನ್ನು ಕೈಗೆ ತೆಗೆದುಕೊಂಡು ಪ್ರೀತಿಯಿಂದ ಸವರಿ, "ಲವ್ಲಿ ಪಿಕ್ಚರ್ಸ್, ಡಾರ್ಲಿಂಗ್. ಫಾರ್ ಯುವರ್ ಲಿಟಲ್ ಒನ್?" ಎಂದು ಕೇಳಿದಳು. ಚಿತ್ರ ಇದ್ದರೆ ಅದು ಮಕ್ಕಳದ್ದು ಎಂಬ ನಂಬಿಕೆ ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಷ್ಟೇ ಅಲ್ಲ, ಈ ಖಂಡದ ತುಂಬ ಹರಡಿದೆ. ಮಕ್ಕಳ ಡಬ್ಬಿಯಿಂದ ಅದನ್ನು ಎತ್ತಿ ತರುವುದು ನಾಗರಿಕಳಾಗಿ ನನ್ನ ಕರ್ತವ್ಯವಾಗಿತ್ತು. ತಂದೆ. ಓದಿದೆ. (ಕರ್ತವ್ಯವನ್ನು ಏಳೆಂಟು ಸಲ ಮಾಡಿದೆ.)

ಕಥೆ ಸರಳ. ಹಿಮ ಬೀಳುವ ಊರು, ಬಿಸಿನೀರಿನ ಬುಗ್ಗೆ, ಅದರ ಪಕ್ಕ ಒಂದು ಸಣ್ಣ ವಸತಿಗೃಹ. ನಡೆಸುವವಳು ನಲವತ್ತರ ವಿಧವೆ. ಅಲ್ಲಿಗೆ ಗಡಿಯಾರ ರಿಪೇರಿ ಮಾಡುವವನೊಬ್ಬ ಬಂದಿಳಿಯುತ್ತಾನೆ. ಮೊದಲು ಇಬ್ಬರೂ ಹೆಸರಿಗೆ ಗೌರವದ ‘ಸಾನ್’ ಹಚ್ಚಿ, ಅಂದರೆ ಬಹುವಚನದಲ್ಲಿ, ಮಾತಾಡುತ್ತಾರೆ. ಆಮೇಲೆ ಏಕವಚನ. ಕೊನೆಯ ಮೂರನೇ ಒಂದು ಭಾಗದಲ್ಲಿ ವಚನವೇ ಇಲ್ಲ, ಇಬ್ಬರೂ ಬಿಸಿನೀರಿನಲ್ಲಿರುತ್ತಾರೆ, ಮೈಮೇಲೆ ಹಬೆಯೊಂದನ್ನು ಬಿಟ್ಟು ಬೇರೇನೂ ಇರುವುದಿಲ್ಲ. ಹಬೆಯೂ ಪ್ರತಿ ಪುಟದಲ್ಲಿ ತನ್ನ ಕೆಲಸ ಸರಿಯಾಗಿ ಮಾಡುವುದಿಲ್ಲ.

ಅದನ್ನು ನಾನು ಅಡಗಿಸಿಡಲಿಲ್ಲ. ಕಪಾಟಿನಲ್ಲಿ ರಾಜಾರೋಷವಾಗಿ ಇಟ್ಟೆ. ಕಾರ್ಟೂನ್ ಪುಸ್ತಕವನ್ನು ಅನುಮಾನದಿಂದ ನೋಡುವವರು ಭೂಮಿಯ ಮೇಲೆ ಯಾರಿದ್ದಾರೆ?

ದಸರೆ ಬಂತು. ಸೋಮವಾರ ಸಂಜೆ ಆಫೀಸಿನಿಂದ ಬಂದೆ. (ಇನ್ಶೂರೆನ್ಸ್ ಕಂಪನಿಯಲ್ಲಿ ಕೆಲಸ. ಇನ್ನೊಬ್ಬರ ಅಪಾಯ ಅಳೆಯುವುದೇ ನನ್ನ ಹೊಟ್ಟೆಪಾಡು.) ಹಾಲಿನ ಮೂಲೆಯಲ್ಲಿ ಶಾರದೆಯ ಫೋಟೋ, ದೀಪ, ಮುಂದೆ ಪುಸ್ತಕದ ರಾಶಿ. ಕಪಾಟು ಖಾಲಿ. ಮನೆಯಲ್ಲಿದ್ದ ಪ್ರತಿಯೊಂದು ಅಚ್ಚಾದ ವಸ್ತುವಿಗೂ ಅತ್ತೆ ಖಾಕಿ ಕಾಗದದ ಬೈಂಡ್ ಹಾಕಿ, ಮೇಲೆ ‘ಶ್ರೀ’ ಬರೆದು, ಅರಿಸಿನ ಕುಂಕುಮ ಹಚ್ಚಿ, ಒಂದರ ಮೇಲೊಂದು ಜೋಡಿಸಿ, ನೂಲಿನಿಂದ ಒಂಬತ್ತು ಗಂಟು ಹಾಕಿ ಬಿಗಿದಿದ್ದರು.

"ವಿಜಯದಶಮಿತನಕ ಯಾರೂ ಮುಟ್ಟಂಗಿಲ್ಲ," ಎಂದರು. "ಗುರುವಾರ ಸಂಜೀಕೆ ಕನ್ನಡ ಶಾಲಿ ಮಂದೀನ ಕರದೀನಿ. ಮಕ್ಳು ಬರ್ತಾವ. ಎಲ್ಲಾರೂ ಒಂದೊಂದ ಪುಸ್ತಕ ತಗೊಂಡು ಒಂದೊಂದ ಪುಟ ಓದ್ಲಿ. ನಮ್ಮ ಶಾಲ್ಯಾಗ ಹಂಗ ಮಾಡ್ತಿದ್ವಿ."

"ಛಲೋ ಆತು ಅತ್ತಿ," ಎಂದೆ.

"ಕಡೀಕ ನಾ ಒಂದು ಕಥಿ ಹೇಳ್ತೀನಿ. ನಿನ್ನ ಕಪಾಟಿನಾಗಿಂದು. ಆ ದಪ್ಪಂದು, ಜಪಾನಿಂದು."

ನನ್ನ ಕೈಯಲ್ಲಿದ್ದ ಊಟದ ಡಬ್ಬಿ ತಾನಾಗಿಯೇ ನೆಲಕ್ಕೆ ಹೋಯಿತು.

"ಅದನ್ನ... ಓದಿದ್ರಾ?"

"ಓದ್ದ ಬೈಂಡ್ ಹಾಕ್ತಾರೇನು? ಮೂರು ದಿನ ಹಿಡೀತು ನೋಡವಾ. ಎಂಥಾ ಪುಸ್ತಕ ಅದು. ನನ್ನ ಕಣ್ಣಾಗ ನೀರ ಬಂತು." ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. "ನೀ ಅದನ್ನ ಎಷ್ಟ ಸಲ ಓದೀದಿ, ಪುಟದ ಮೂಲೀ ನೋಡಿದ್ರ ತಿಳೀತದ. ಮಕ್ಳಿಗೆ ಇಂಥಾದ್ದನ್ನ ಹೇಳಬೇಕು."

ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಬಾಲ್ಕನಿಗೆ ಹೋಗಿ ಶ್ರದ್ಧಾಳಿಗೆ ನಾಲ್ಕು ನಿಮಿಷದ ವಾಯ್ಸ್ ನೋಟ್ ಕಳಿಸಿದೆ. ಅವಳದು ಒಂಬತ್ತು ಸೆಕೆಂಡಿನದು ಬಂತು. ಅದರಲ್ಲಿ ಏಳು ಸೆಕೆಂಡು ನಗು. ಉಳಿದ ಎರಡರಲ್ಲಿ, "ಕದ್ದುಬಿಡು ಮಾರಾಯ್ತಿ."

ಕದಿಯುವುದಕ್ಕೆ ಗಂಡನ ಸಹಕಾರ ಬೇಕಿತ್ತು. ನನ್ನ ಗಂಡ ವಿರುಪಾಕ್ಷ ರೈಲ್ವೆಯಲ್ಲಿ ಸಿಗ್ನಲ್ ಎಂಜಿನಿಯರ್. ಕೆಂಪು ದೀಪ ಕಂಡರೆ ನಿಲ್ಲುವುದು ಅವನ ವೃತ್ತಿಧರ್ಮ. ಮರುದಿನ ಬೆಳಿಗ್ಗೆ ಸ್ಟೇಷನ್ನಿಗೆ ನಡೆಯುತ್ತ ವಿಷಯ ತೆಗೆದೆ.

"ವಿರು, ಆ ರಾಶಿಯಿಂದ ಒಂದು ಪುಸ್ತಕ ತೆಗೀಬೇಕು."

"ಪೂಜಿಗೆ ಇಟ್ಟಿದ್ದು ಮುಟ್ಟಿದ್ರ ಅವ್ವ ನನ್ನ ಮುಟ್ಟತಾಳ. ಏಳನೇತ್ತದಾಗ ಒಮ್ಮೆ ಮುಟ್ಟೇನಿ, ಇನ್ನಾ ನೆನಪೈತಿ."

"ಅದು ಮಕ್ಕಳ ಮುಂದೆ ತೆರೆಯೋ ಪುಸ್ತಕ ಅಲ್ಲ."

"ಯಾಕ, ಅದರಾಗ ಏನೈತಿ?"

"ಸ್ನಾನ."

"ಸ್ನಾನದಾಗ ಏನೈತಿ?"

"ಇಬ್ಬರು ಇದ್ದಾರ."

ವಿರುಪಾಕ್ಷ ನಡೆಯುವುದನ್ನು ನಿಲ್ಲಿಸಿದ. "ಈಸ್ಟರಿನಿಂದ ಅದು ನಮ್ಮ ಹಾಲಿನ್ಯಾಗ ಇತ್ತಾ?" ಎಂದು ಕೇಳಿದ. ಆ ದನಿಯಲ್ಲಿದ್ದದ್ದು ಗಾಬರಿಯಲ್ಲ, ತನಗೆ ಯಾರೂ ಹೇಳಲಿಲ್ಲವಲ್ಲ ಎಂಬ ನೋವು.

ಅವನಿಂದ ಪ್ರಯೋಜನವಿಲ್ಲವೆಂದು ಬುಧವಾರ ನಾನೇ ಮನೆಯಿಂದ ಕೆಲಸ ಮಾಡುವುದಾಗಿ ಹೇಳಿ, ಅತ್ತೆ ಸ್ನಾನಕ್ಕೆ ಹೋದಾಗ ರಾಶಿಯ ಮುಂದೆ ಕೂತೆ. ಎಂಟು ಗಂಟು ಬಿಚ್ಚಿದೆ. ಒಂಬತ್ತನೆಯದು ಬಿಚ್ಚುವಾಗ ಹಿಂದಿನಿಂದ ದನಿ ಬಂತು.

"ಓದಾಕಿಗೆ ಒಂದು ದಿನ ತಡಿಯಾಕ ಆಗವಲ್ದೇನು?"

"ನಮಸ್ಕಾರ ಮಾಡ್ತಿದ್ದೆ ಅತ್ತಿ."

"ಗಂಟಿಗೆ?" ಎಂದರು. ಆದರೆ ಮುಖದಲ್ಲಿ ಸಿಟ್ಟಿರಲಿಲ್ಲ. ಹೆಮ್ಮೆಯಿತ್ತು. ಅವರೇ ಕೂತು ಒಂಬತ್ತೂ ಗಂಟು ಮತ್ತೆ ಹಾಕಿದರು. ಈ ಸಲ ಜೋಡಿ ಗಂಟು.

ಗುರುವಾರ ಆರು ಗಂಟೆಗೆ ಜನ ಬಂದರು. ಭಾನುವಾರದ ಕನ್ನಡ ಶಾಲೆ ನಡೆಸುವ ಹುಬ್ಬಳ್ಳಿಯ ರಾಜಣ್ಣ ಅಂಕಲ್, ಹ್ಯಾರಿಸ್ ಪಾರ್ಕಿನಿಂದ ಎರಡು ಕೆ.ಜಿ. ಪೇಡೆ ಹೊತ್ತು ತಂದ ತೇಜಸ್ವಿನಿ ಆಂಟಿ, ಇನ್ನೂ ನಾಲ್ಕು ಸಂಸಾರ, ಎಂಟು ಮಕ್ಕಳು. ಜೊತೆಗೆ ಕೆಳಗಿನ ಮಹಡಿಯ ಹೆದರ್. ಎಪ್ಪತ್ತು ವರ್ಷದ ಆಸ್ಟ್ರೇಲಿಯನ್ ಅಜ್ಜಿ, ವಾರಕ್ಕೊಮ್ಮೆ ಲೈಬ್ರರಿಯಲ್ಲಿ ಮಕ್ಕಳಿಗೆ ಕಥೆ ಹೇಳುತ್ತಾಳೆ. ನದಿಯ ದಂಡೆಯ ವಾಕಿಂಗಿನಲ್ಲಿ ಅತ್ತೆಗೆ ಗೆಳತಿಯಾದವಳು. ("ಹೆಸರಷ್ಟ ಹೆದರು, ಯಾರಿಗೂ ಹೆದರೂದಿಲ್ಲ," ಎನ್ನುತ್ತಾರೆ ಅತ್ತೆ.) ಇಲ್ಲಿ ಬನ್ನಿ ಎಲೆ ಸಿಗುವುದಿಲ್ಲವೆಂದು ಅವಳಿಂದ ಒಂದು ಚೀಲ ವಾಟಲ್ ಮರದ ಎಲೆ ತರಿಸಿದ್ದರು. ಎಲ್ಲರೂ ಎಲೆ ಕೊಟ್ಟು ತೆಗೆದುಕೊಂಡು, ಬಂಗಾರದ ಹಾಗೆ ಇರೋಣ ಎಂದುಕೊಂಡೆವು. ನನಗೆ ಬಂಗಾರ ಬೇಕಿರಲಿಲ್ಲ. ಕರೆಂಟ್ ಹೋಗಬೇಕಿತ್ತು. ಈ ದೇಶದಲ್ಲಿ ಅದೂ ಹೋಗುವುದಿಲ್ಲ.

ಓದುವುದು ಶುರುವಾಯಿತು. ಕೈಗೆ ಬಂದ ಪುಸ್ತಕವೇ ಶಾರದೆ ಕೊಟ್ಟದ್ದು ಎಂದು ಅತ್ತೆಯ ನಿಯಮ. ರಾಜಣ್ಣ ಅಂಕಲ್‌ಗೆ ಅಡುಗೆ ಪುಸ್ತಕ ಬಂತು. ಬದನೆಕಾಯಿ ಎಣ್ಣೆಗಾಯಿಯನ್ನು ಅವರು ಮಂತ್ರದ ರಾಗದಲ್ಲಿ ಓದಿದರು. ವಿರುಪಾಕ್ಷನಿಗೆ ಮೈಕ್ರೋವೇವಿನ ಮ್ಯಾನ್ಯುಯಲ್. "ಸಿಪ್ಪೆ ಸಹಿತ ಮೊಟ್ಟೆಯನ್ನು ಒಳಗೆ ಇಡಬಾರದು," ಎಂದು ಗಂಭೀರವಾಗಿ ಓದಿ, ಕಣ್ಣಿಗೊತ್ತಿಕೊಂಡು ಇಟ್ಟ.

ಆಮೇಲೆ ಅತ್ತೆ ಎದ್ದರು. ದಪ್ಪ ಪುಸ್ತಕ ಕೈಯಲ್ಲಿತ್ತು. ನಾನು ಅಡುಗೆಮನೆಯ ಬಾಗಿಲು ಹಿಡಿದು ನಿಂತೆ.

"ಇದರಾಗ ಮೊದಲಿನ ಒಂದಷ್ಟು ಪುಟ ದೊಡ್ಡವರಿಗೆ," ಎಂದರು ಅತ್ತೆ. "ಅದಕ್ಕ ನಾ ಪಿನ್ ಹೊಡದೀನಿ. ಎಂಟನೇತ್ತದ ವಿಜ್ಞಾನ ಪುಸ್ತಕದಾಗ ಒಂದು ಪಾಠ ಬರ್ತಿತ್ತಲ್ಲ, ಅದಕ್ಕೂ ಹಿಂಗ ಹೊಡೀತಿದ್ದೆ."

ಎತ್ತಿ ತೋರಿಸಿದರು. ಬೆರಳು ದಪ್ಪದಷ್ಟು ಪುಟಗಳನ್ನು ನಾಲ್ಕು ನಾಲ್ಕರಂತೆ ಸೇರಿಸಿ, ಅಂಚಿಗುಂಟ ಸ್ಟೇಪ್ಲರ್ ಓಡಿಸಿದ್ದರು. ನನ್ನ ಎದೆಗೂ ಎರಡು ಪಿನ್ ಬಿದ್ದ ಹಾಗಾಯಿತು. ಆದರೂ ಸಮಾಧಾನ: ಮಕ್ಕಳು ಬಚಾವ್.

"ಮೊದಲನೇ ಪುಟದಾಗ ಏನು ಬರದಾನ ಗೊತ್ತೇನು?" ಎಂದು ಅತ್ತೆ ಇಂಗ್ಲಿಷಿನಲ್ಲಿ ಒಂದೊಂದೇ ಪದ ಬಿಡಿಸಿ ಓದಿದರು. "ಸ್ಟಾಪ್. ಯು ಆರ್ ಗೋಯಿಂಗ್ ದ ರಾಂಗ್ ವೇ. ನಿಲ್ಲು, ನೀ ತಪ್ಪು ದಾರ್ಯಾಗ ಹೊಂಟೀದಿ. ಸಂಸಾರದಾಗ ಬಿದ್ದ ಮಂದಿಗೆ ಇದಕ್ಕಿಂತ ಬ್ಯಾರೆ ಏನು ಹೇಳಬೇಕು?"

ಆಗ ನನಗೆ ಎಲ್ಲ ತಿಳಿಯಿತು.

ಜಪಾನಿನವರ ಕಾಮಿಕ್ಕನ್ನು ಬಲದಿಂದ ಎಡಕ್ಕೆ ಓದಬೇಕು. ನಮ್ಮ ಪುಸ್ತಕದ ಕೊನೆಯ ಪುಟ ಎಲ್ಲಿರುತ್ತದೋ ಅಲ್ಲಿ ಅವರ ಕಥೆ ಶುರು. ಗೊತ್ತಿಲ್ಲದೆ ಈ ಕಡೆಯಿಂದ ತೆರೆದವರಿಗೆ ಹೇಳಲೆಂದೇ ಆ ಎಚ್ಚರಿಕೆ ಅಚ್ಚು ಹಾಕಿರುತ್ತಾರೆ. ಅತ್ತೆ ಅದನ್ನು ಸುಭಾಷಿತ ಎಂದುಕೊಂಡು, ಕೈ ಮುಗಿದು, ಎಡದಿಂದ ಮುಂದುವರಿದಿದ್ದರು. ಆರುನೂರು ಪುಟ.

"ಒಂದು ಹಿಮದ ಊರು," ಎಂದು ಅತ್ತೆ ಶುರು ಮಾಡಿದರು. "ಅಲ್ಲೆ ಒಬ್ಬ ಹೆಣ್ಮಗಳು, ಒಬ್ಬ ಗಂಡಸು. ಭೋಗದಾಗ ಮುಳುಗ್ಯಾರ. ಬಿಸಿನೀರು ಬಿಟ್ಟು ಮ್ಯಾಲೆ ಏಳೂದ ಇಲ್ಲ. ಒಂದು ದಿನ ಅಕಿಗೆ ಅರಿವು ಬಂತು. ಸಾವಕಾಶ ನೀರಿನಿಂದ ಎದ್ಲು. ಮೈತುಂಬ ಅರಿವಿ ಹಾಕ್ಕೊಂಡ್ಲು. ಆಮ್ಯಾಲೆ ಅವನ ಕೈ ಹಿಡಿಯೂದ ಬಿಟ್ಲು. ಆಮ್ಯಾಲೆ ನೀನು ಅನ್ನೂದ ಬಿಟ್ಟು ನೀವು ಅಂದ್ಲು."

ತೇಜಸ್ವಿನಿ ಆಂಟಿ ಹೆದರ್‌ಳ ಕಿವಿಯಲ್ಲಿ ಇಂಗ್ಲಿಷಿಗೆ ತರ್ಜುಮೆ ಮಾಡುತ್ತಿದ್ದರು.

"ಅವಂಗೂ ತಿಳೀತು. ಖೋಲಿ ಕೀಲಿ ಅಕಿ ಕೈಯಾಗ ಇಟ್ಟು, ಬಗ್ಗಿ ನಮಸ್ಕಾರ ಮಾಡಿದ. ಅಕೀಗೆ ಬೆನ್ನು ತೋರಿಸ್ಲಿಲ್ಲ ನೋಡ್ರಿ, ಹಿಂದ ಹಿಂದ ಸರಕೋತ ಹಿಮದಾಗ ಹೋದ. ಎಂಥಾ ಮರ್ಯಾದಿ. ಕಡೀ ಚಿತ್ರದಾಗ ಅಕಿ ಒಬ್ಬಾಕಿನ. ತೀರಿಕೊಂಡ ಗಂಡನ ಫೋಟೋದ ಮುಂದ ಊದಿನಕಡ್ಡಿ ಹಚ್ಚಿ ಕುಂತಾಳ. ಎಲ್ಲಾ ಇದ್ದೂ ಬಿಟ್ಟ ಶರಣಿ."

ಮೂಲೆಯಲ್ಲಿದ್ದ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಹುಬ್ಬು ಗಂಟಿಕ್ಕಿದಳು. "ಅಜ್ಜಿ, ಯು ಸ್ಟಾರ್ಟೆಡ್ ಫ್ರಮ್ ದಿ ಎಂಡ್."

"ಹೂಂ ಪುಟ್ಟಿ," ಎಂದರು ಅತ್ತೆ. "ಅಂತ್ಯ ತಿಳಿದಾಕಿಗೆ ಆದಿ ತಿಳೀತದ."

ಹುಡುಗಿ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ನಾನು ಅದರಲ್ಲಿ ಒಂದು ಪೇಡೆ ಇಟ್ಟೆ.

ರಾಜಣ್ಣ ಅಂಕಲ್ ಮೂಗು ಒರೆಸಿಕೊಂಡರು. ಹೆದರ್ ಎದೆಯ ಮೇಲೆ ಕೈಯಿಟ್ಟು, ಐವತ್ತು ವರ್ಷ ಮಕ್ಕಳಿಗೆ ಕಥೆ ಓದಿದ್ದೇನೆ, ಕಾರ್ಟೂನಿನಲ್ಲಿ ಇಂಥ ಅಧ್ಯಾತ್ಮ ಇರುತ್ತದೆಂದು ಗೊತ್ತೇ ಇರಲಿಲ್ಲ ಎಂದಳು. ಯಾರಿಗೂ ಏನೂ ಗೊತ್ತಾಗಲಿಲ್ಲ. ನನ್ನ ಬಿರುದು ಉಳಿಯಿತು. ಶಾರದೆಗೆ ಮನಸ್ಸಿನಲ್ಲೇ ಅಡ್ಡ ಬೀಳುತ್ತಿದ್ದೆ. ಆಗ ಅತ್ತೆ ಇನ್ನೊಂದು ಮಾತು ಹೇಳಿದರು.

"ಈ ಪುಸ್ತಕ ನಮ್ಮ ಶ್ವೇತಾ ಮತ್ತ ಮತ್ತ ಓದ್ಯಾಳ. ನಾ ಆಕಿಗೆ ರೊಟ್ಟಿ ಬರೂದಿಲ್ಲ, ಸೀರಿ ಬರೂದಿಲ್ಲ ಅಂತಿದ್ದೆ. ಆಕಿ ಮನಸ್ಸ ಎಲ್ಲೈತಿ ಅಂತ ನನಗ ಈಗ ತಿಳೀತು."

ಇಪ್ಪತ್ತು ತಲೆಗಳು ನನ್ನ ಕಡೆ ತಿರುಗಿದವು. ನನ್ನ ಬಾಯಲ್ಲೂ ಒಂದು ಪೇಡೆ ಇತ್ತು. ಅದನ್ನು ನುಂಗುವುದೋ ಬಿಡುವುದೋ ತಿಳಿಯಲಿಲ್ಲ.

"ನೋಡಿದ್ರೆ ಗೊತ್ತೇ ಆಗಲ್ಲಪ್ಪ," ಎಂದರು ತೇಜಸ್ವಿನಿ ಆಂಟಿ. "ಜೀನ್ಸ್ ಎಲ್ಲ ಹಾಕ್ಕೊಂಡು ನಾರ್ಮಲ್ ಆಗೇ ಇರ್ತಾಳೆ."

ಅಂದಿನಿಂದ ನನ್ನ ಸಂತ ಜೀವನ ಆರಂಭವಾಯಿತು. ಸೋಮವಾರ ಉಪವಾಸ. ಉಳಿದ ದಿನ ಸಬ್ಬಕ್ಕಿ ಉಪ್ಪಿಟ್ಟು. ಈರುಳ್ಳಿ ಬೆಳ್ಳುಳ್ಳಿ ಬಂದ್. ಕಾಫಿ ಕೇಳಿದರೆ ಬಿಸಿನೀರಿಗೆ ತುಳಸಿ ಹಾಕಿಕೊಟ್ಟರು. ನಾನು ಫೋನ್ ನೋಡುತ್ತ ಸೋಫಾದ ಮೇಲೆ ಬಿದ್ದಿದ್ದರೆ, ಅತ್ತೆ ಟೀವಿ ಸದ್ದು ಕಡಿಮೆ ಮಾಡಿ, "ಧ್ಯಾನದಾಗ ಅದಾಳ," ಎಂದು ಧಾರವಾಡಕ್ಕೆ ಪಿಸುಗುಟ್ಟುತ್ತಿದ್ದರು. ಇದೆಲ್ಲ ಸಹಿಸಬಹುದಿತ್ತು. ಆದರೆ ಮಗನಿಗೂ ಒಂದು ಆಜ್ಞೆಯಾಯಿತು.

"ವಿರುಪಾಕ್ಷಿ, ನಿನ್ನ ತಲಿದಿಂಬು ಹಾಲಿನ್ಯಾಗ ಇಟ್ಟೀನಿ. ಆಕಿ ದಾರ್ಯಾಗ ನೀ ಅಡ್ಡ ಆಗಬ್ಯಾಡ."

ನಮ್ಮ ಸೋಫಾ ಇಬ್ಬರು ಕೂರುವಂಥದ್ದು. ವಿರುಪಾಕ್ಷ ಆರಡಿ. ಏಳನೆಯ ದಿನ ಬೆಳಿಗ್ಗೆ ಅವನು ಕುತ್ತಿಗೆಯನ್ನು ಒಂದೇ ಕಡೆ ತಿರುಗಿಸಿಕೊಂಡು ಸ್ಟೇಷನ್ನಿಗೆ ನಡೆಯುತ್ತಿದ್ದ. ನಾನು ಅವನ ಮುಖ ಕಾಣಲೆಂದು ಇನ್ನೊಂದು ಪಕ್ಕಕ್ಕೆ ಬಂದೆ.

"ನೀ ಹೇಳ್ತೀಯೋ, ನಾ ಹೇಳ್ಲೋ?" ಎಂದ.

"ಹೇಳಿದ್ರೆ ನನ್ನ ಮರ್ಯಾದೆ ಏನಾಗತ್ತೆ?"

"ನಿನ್ನ ಮರ್ಯಾದಿಗೆ ನನ್ನ ಕುತ್ತಿಗಿ ಯಾಕ ಒತ್ತಿ ಇಡ್ತಿ? ಆ ಸ್ನಾನದ ಪುಸ್ತಕ ನಾ ಇನ್ನಾ ಒಂದು ಪು‌ಟ ನೋಡಿಲ್ಲ. ನೋಡ್ದ ಶಿಕ್ಷಾ ಅನುಭವಿಸಾಕತ್ತೀನಿ."

ಅವನ ಮಾತಿನಲ್ಲಿ ನ್ಯಾಯವಿತ್ತು. ನನ್ನ ಹೊಟ್ಟೆಯಲ್ಲಿ ಸಬ್ಬಕ್ಕಿಯಿತ್ತು. ಅಂದು ಮತ್ತೆ ಮನೆಯಿಂದ ಕೆಲಸ ಎಂದು ಅರ್ಧ ದಾರಿಯಿಂದ ವಾಪಸ್ ಬಂದು, ಅತ್ತೆಯ ಮುಂದೆ ಕೂತು, ಕಣ್ಣು ಮುಚ್ಚಿ ಹೇಳಿದೆ.

"ಅತ್ತಿ, ಜಪಾನಿನವರು ಪುಸ್ತಕಾನ ಬಲಗಡೆಯಿಂದ ಓದ್ತಾರ."

"ಅಂದ್ರ?"

"ನೀವು ಓದಿದ್ದು ಕಡೆಯಿಂದ ಮೊದಲಿಗೆ. ಅವನು ಹಿಂದ ಸರಕೋತ ಹೋಗಿಲ್ಲ. ಮುಂದ ನಡಕೋತ ಬಂದಾನ. ಕೀಲಿ ಕೊಟ್ಟಿಲ್ಲ, ತಗೊಂಡಾನ."

ಅತ್ತೆ ಓದುವ ಕನ್ನಡಕ ಮೂಗಿಗೇರಿಸಿದರು.

"ಅರಿವಿ?"

"ಹಾಕ್ಕೊಂಡಿಲ್ರೀ."

"ಹಂಗಾದ್ರ ನಿನಗ ವೈರಾಗ್ಯ ಇಲ್ಲ?"

"ಇಲ್ರೀ."

"ಮತ್ತ ಒಂದು ವಾರ ಸಬ್ಬಕ್ಕಿ ಉಪ್ಪಿಟ್ಟು ಯಾಕ ತಿಂದಿ?"

"ನೀವು ಕೊಟ್ರಿ."

ಅತ್ತೆ ಎದ್ದು ಪುಸ್ತಕ, ಒಂದು ಸಣ್ಣ ಚಾಕು, ಒಂದು ಸ್ಟೀಲ್ ಬಟ್ಟಲು ತೆಗೆದುಕೊಂಡು ಕಿಟಕಿಯ ಹತ್ತಿರ ಕೂತರು. ಈ ಸಲ ಬಲಗಡೆಯಿಂದ. ನಾನು ಒಳಗೆ ಕಂಪ್ಯೂಟರಿನ ಮುಂದೆ ಮೀಟಿಂಗಿನಲ್ಲಿದ್ದೆ. ಮಧ್ಯಾಹ್ನದವರೆಗೆ ಹಾಲಿನಿಂದ ಏನೂ ಸದ್ದಿಲ್ಲ. ಎರಡು ಗಂಟೆಗೆ ಬಟ್ಟಲಿನಲ್ಲಿ ಮೊದಲ ಪಿನ್ ಟಿಣ್ ಎಂದು ಬಿತ್ತು. ಆಮೇಲೆ ಟಿಣ್, ಟಿಣ್. ಒಂದೊಂದು ಟಿಣ್ಣಿಗೂ ಕಥೆ ಎಲ್ಲಿಗೆ ತಲುಪಿದೆಯೆಂದು ನನಗೆ ಬಾಯಿಪಾಠ. ಮೂರೂವರೆಗೆ ಸದ್ದು ಜೋರಾಗಿ ಬೇಗ ಬೇಗ ಬಂತು. ಮ್ಯಾನೇಜರ್ ಸ್ಕ್ರೀನಿನಲ್ಲಿ, ನಿಮ್ಮ ಮನೆಯಲ್ಲಿ ಏನೋ ಸೋರುತ್ತಿದೆಯಾ ಎಂದು ಕೇಳಿದ.

ನಾಲ್ಕಕ್ಕೆ ಹೊರಗೆ ಬಂದೆ. ಅತ್ತೆ ಪುಸ್ತಕ ಮುಚ್ಚಿ, ಕನ್ನಡಕ ಹಣೆಗೇರಿಸಿ, ಹೊರಗೆ ಲೈಟ್ ರೈಲ್ ಹೋಗುವುದನ್ನು ನೋಡುತ್ತ ಕೂತಿದ್ದರು. ಮಾವ ತೀರಿಕೊಂಡು ಹನ್ನೊಂದು ವರ್ಷವಾಯಿತು. ಅದು ನನಗೆ ಆ ಕ್ಷಣದಲ್ಲಿ ಯಾಕೋ ನೆನಪಾಯಿತು.

"ಫೋಟೋದ ಮುಂದ ಒಬ್ಬಾಕಿನ ಕುಂತಿದ್ಲು," ಎಂದರು ಅತ್ತೆ, ನನ್ನ ಕಡೆ ನೋಡದೆ. "ಕಡೀಕ ನಗಾಕತ್ಲು. ಈ ಕಡಿಂದ ಓದಿದ್ರನ ಛಲೋ ಐತಿ."

"ಕಾಫಿ ಮಾಡ್ಲೇನ್ರಿ?" ಎಂದೆ.

"ಮಾಡು. ಇಬ್ಬರಿಗೂ ಮಾಡು. ಅವನ ತಲಿದಿಂಬು ಒಳಗ ಇಡು." ಆಮೇಲೆ ಪಿನ್ನಿನ ಬಟ್ಟಲು ನನ್ನ ಕೈಗೆ ಕೊಟ್ಟರು. "ನೀ ಓದಾಕಿ ಹೌದು. ಅದರಾಗ ಸುಳ್ಳಿಲ್ಲ. ಆದ್ರ ಶ್ವೇತಾ, ನಂದೊಂದು ತಪ್ಪಾತಲ್ಲವಾ."

"ಏನಿಲ್ಲ ಬಿಡ್ರಿ ಅತ್ತಿ. ಯಾರಿಗೂ ಗೊತ್ತಾಗಿಲ್ಲ."

"ಗೊತ್ತಾಗಿಲ್ಲ ಅಂದ್ರ? ಇಪ್ಪತ್ತು ಮಂದಿಗೆ ತಪ್ಪು ಪಾಠ ಹೇಳೀನಿ. ಮೂವತ್ನಾಕು ವರ್ಷದಾಗ ಒಂದು ಸಲಾನೂ ತಪ್ಪು ಪಾಠ ತಿದ್ದದ ಮನೀಗೆ ಹೋಗಿಲ್ಲ ನಾ."

ನಾನು ನಕ್ಕು ಅಡುಗೆಮನೆಗೆ ಹೋದೆ. ಹಾಲು ಉಕ್ಕುವುದನ್ನು ಕಾಯುತ್ತ, ವಾರದ ಮೇಲೆ ಮೊದಲ ಕಾಫಿಯ ವಾಸನೆ ಎಳೆದುಕೊಂಡೆ. ನಿಜ ಹೇಳಿದೆ, ಬಿರುದೂ ಉಳಿಯಿತು, ಗಂಡನೂ ವಾಪಸ್ ಬಂದ. ಇದಕ್ಕಿಂತ ಹೆಚ್ಚಿನದನ್ನು ಇನ್ಶೂರೆನ್ಸಿನವಳಾಗಿ ನಾನು ಯಾರಿಗೂ ಭರವಸೆ ಕೊಡಲಾರೆ.

ಆಗ ಸ್ಟವ್ ಪಕ್ಕದಲ್ಲಿಟ್ಟಿದ್ದ ನನ್ನ ಫೋನ್ ಸದ್ದು ಮಾಡಿತು. ಕನ್ನಡ ಶಾಲೆಯ ಗ್ರೂಪ್. ನೂರಾ ಹನ್ನೆರಡು ಜನ. ಅತ್ತೆಯ ವಾಯ್ಸ್ ನೋಟ್. (ಅದನ್ನು ಕಳಿಸುವುದು ಹೇಗೆಂದು ಅವರಿಗೆ ಕಲಿಸಿದ್ದು ನಾನೇ.)

"ಎಲ್ಲಾರಿಗೂ ಅನ್ನಪೂರ್ಣವ್ವ ಟೀಚರ್ ನಮಸ್ಕಾರ. ವಿಜಯದಶಮಿ ದಿನ ನಾ ಹೇಳಿದ ಕಥಿ ತಿರುಗಾಮುರುಗಾ ಆಗಿತ್ತು. ಆ ಹೆಣ್ಮಗಳು ಸಂಸಾರ ಬಿಟ್ಟಿಲ್ಲ, ಹಿಡದಾಳ. ಭಾಳ ಗಟ್ಟಿ ಹಿಡದಾಳ. ಪಿನ್ ಎಲ್ಲಾ ನಾ ಇವತ್ತ ತಗದೀನಿ. ನಮ್ಮ ಸೊಸಿ ಶ್ವೇತಾ ಈ ಪುಸ್ತಕ ಏಳೆಂಟು ಸಲ ಓದ್ಯಾಳ, ನನಗೂ ತಿಳಿಯದ್ದು ಆಕಿಗೆ ತಿಳೀತದ. ಮೊದಲಿಂದ ಕಡೀತನಕ, ಒಂದು ಪುಟಾನೂ ಬಿಡದ, ಆಕಿನ ನಿಮಗ ಹೇಳ್ತಾಳ. ದೊಡ್ಡವರಷ್ಟ ಬರ್ರಿ."

ಹಾಲು ಉಕ್ಕಿತು. ಗ್ರೂಪಿನಲ್ಲಿ ಮೊದಲು ತೇಜಸ್ವಿನಿ ಆಂಟಿ, ತಾನು ಹೆದರ್‌ಳನ್ನೂ ಅವಳ ಲೈಬ್ರರಿಯ ಐದು ಗೆಳತಿಯರನ್ನೂ ಕರೆತರುತ್ತೇನೆ ಎಂದು ಹಾಕಿದರು. ಅದರ ಕೆಳಗೆ ರಾಜಣ್ಣ ಅಂಕಲ್ ಬರೆದರು: "ಭಾನುವಾರ ಹನ್ನೊಂದಕ್ಕೆ ಹಾಲ್ ಬುಕ್ ಆಗಿದೆ. ಹಿಂದೆ ಕೂತವರಿಗೂ ಚಿತ್ರ ಸರಿಯಾಗಿ ಕಾಣಲಿ ಅಂತ ಪ್ರೊಜೆಕ್ಟರ್ ಹೇಳಿದ್ದೀನಿ."